ಬಿಸಿಲೆ ಘಾಟಿ ಇಳಿದ ಓಲೆಕಟ್ಟು

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಿಂದ ಮೂಡುಬಿದಿರೆಗೆ ಹೋಗುವವರು ಸಾಮಾನ್ಯವಾಗಿ ಬಿಸಿಲೆಯ ದಾರಿ ಹಿಡಿಯುವುದಿಲ್ಲ. ಹಾಸನ, ಸಕಲೇಶಪುರಗಳ ಮೂಲಕ ಶಿರಾಡಿ ಘಾಟಿ ಇಳಿಯುವ ಹೆದ್ದಾರಿ ಇದೆ. ಅದು ಕೈಕೊಟ್ಟರೆ ಮೂಡಿಗೆರೆ, ಕೊಟ್ಟಿಗೆಹಾರಗಳ ಮೇಲೆ ಚಾರ್ಮಾಡಿ ಇದೆ. ಬಿಸಿಲೆ ಇವೆರಡಕ್ಕೂ ದಕ್ಷಿಣದಲ್ಲಿ, ಕಾಡಿನ ನಡುವೆ ಇಳಿಯುವ ಕಿರಿದಾದ ದಾರಿ. ಅದರ ತುದಿಯಲ್ಲಿ ಕುಕ್ಕೆ ಸುಬ್ರಹ್ಮಣ್ಯವಿದೆ. ಸುಬ್ರಹ್ಮಣ್ಯದ ಯಾತ್ರಿಕರನ್ನು ಬಿಟ್ಟರೆ ಆ ದಾರಿಯನ್ನು ಬಯಸಿ ಹಿಡಿಯುವವರು ಕಡಿಮೆ.

ಕಾರ್ತಿಕ ಮಾಸದ ಒಂದು ಬೆಳಗಿನ ಜಾವ ಹೋಬಳಿಯ ಹಳ್ಳಿಯೊಂದರಿಂದ ಹೊರಟ ಬಾಡಿಗೆ ಕಾರು ಈ ದಾರಿಯನ್ನೇ ಹಿಡಿಯಿತು. ಹಾಗೆಂದು ನಿರ್ಧರಿಸಿದವನು ಚಾಲಕ. ಪ್ರಯಾಣಿಕರು ಒಬ್ಬರೇ: ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಕಲಿಸಿ ನಿವೃತ್ತರಾದ, ಎಪ್ಪತ್ತು ಸಮೀಪಿಸಿದ ಮೇಷ್ಟ್ರು. ಚಾಲಕ ಅವರ ಹಳೆಯ ಶಿಷ್ಯ. ಹತ್ತನೆಯ ತರಗತಿಯಲ್ಲಿ ಹಳಗನ್ನಡ ಪದ್ಯಗಳು ಒಡ್ಡಿದ ಬೇಲಿಯನ್ನು ದಾಟಲಾಗದೆ ಓದು ಬಿಟ್ಟವನು, ತೆಂಗಿನಕಾಯಿ ಮತ್ತು ಆಲೂಗೆಡ್ಡೆಯ ಲಾರಿಗಳನ್ನು ವರ್ಷಗಟ್ಟಲೆ ಮಂಗಳೂರಿಗೆ ಇಳಿಸಿದವನು, ಈಗ ಸಾಲದ ಕಾರಿನ ಒಡೆಯ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿದು ತಿಂಗಳುಗಟ್ಟಲೆ ಮುಚ್ಚಿದ್ದು, 2024ರ ಜುಲೈಯಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಲುವಿನಲ್ಲಿ ಗುಡ್ಡ ಮತ್ತೆ ಮತ್ತೆ ಜಾರಿ ಹೆದ್ದಾರಿಗೆ ಬಿದ್ದದ್ದು, ಇವು ಪತ್ರಿಕೆ ಓದುವವರಿಗೆ ಸುದ್ದಿ. ಅವನಿಗೆ ದುಡಿಮೆ ನಿಂತ ದಿನಗಳ ಲೆಕ್ಕ. "ಶಿರಾಡೀಲಿ ಮುಂದೊಂದು ಟ್ಯಾಂಕರು, ಹಿಂದೊಂದು ಟ್ಯಾಂಕರು. ನಿಮ್ಮ ಸಾಮಾನು ಕುಲುಕ್ಬಾರ್ದು ಅಂತೀರಿ. ಬಿಸ್ಲೇಲಿ ನಿಧಾನಕ್ಕೆ ಹೋಗಾನ, ಮೇಷ್ಟ್ರೇ" ಎಂಬುದು ಅವನ ತೀರ್ಪು.

ಕುಲುಕಬಾರದ ಸಾಮಾನೆಂದರೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಓಲೆಗರಿಯ ಕಟ್ಟು.

ಮೇಷ್ಟ್ರ ಮನೆತನದಲ್ಲಿ ಅದಕ್ಕೆ 'ದೊಡ್ಡ ಶಾಸ್ತ್ರ' ಎಂದೇ ಹೆಸರು. ಪ್ರತಿ ವರ್ಷ ಜ್ಯೇಷ್ಠ ಶುದ್ಧ ಪಂಚಮಿಯಂದು, ಅಂದರೆ ಶ್ರುತಪಂಚಮಿಯ ದಿನ, ಕಟ್ಟು ನಾಗಂದಿಗೆಯಿಂದ ಇಳಿಯುತ್ತಿತ್ತು, ಮಣೆಯ ಮೇಲೆ ಕುಳಿತು ಪೂಜೆಗೊಳ್ಳುತ್ತಿತ್ತು, ಮತ್ತೆ ಮೇಲೇರುತ್ತಿತ್ತು. ಆಗಮಗಳು ಮರೆತುಹೋಗದಿರಲೆಂದು ಅವನ್ನು ಬರಹಕ್ಕಿಳಿಸಿದ ನೆನಪಿನ ಹಬ್ಬದಲ್ಲಿ ಗ್ರಂಥವನ್ನು ಬಿಚ್ಚಿ ಓದುವ ರೂಢಿ ಎಷ್ಟೋ ಮನೆಗಳಲ್ಲಿ ತಪ್ಪಿ ಬಹುಕಾಲವಾಗಿದೆ. ಈ ಮನೆಯಲ್ಲೂ ತಪ್ಪಿತ್ತು. ಗಂಟು ಕಟ್ಟುವ ಹಕ್ಕು ಮನೆಯ ಹಿರಿಯ ಹೆಂಗಸಿನದು. ಈಗ ಆ ಹಿರಿಯಳು ಮೇಷ್ಟ್ರ ತಾಯಿ. ತೊಂಬತ್ತು ದಾಟಿದವರು, ಅಕ್ಷರ ಕಲಿಯದವರು.

ನಿವೃತ್ತಿಯ ನಂತರ ಮೇಷ್ಟ್ರು ತಾಯಿಯ ಅನುಮತಿ ಪಡೆದು ಕಟ್ಟನ್ನು ಬಿಚ್ಚಿದರು. ಓಲೆಗರಿಯ ಕನ್ನಡವನ್ನು ಓದಲು ಕನ್ನಡ ಬಂದರೆ ಸಾಲದು. ಪದಗಳ ನಡುವೆ ತೆರಪಿಲ್ಲ. ಎ ಮತ್ತು ಏ, ಒ ಮತ್ತು ಓ ಇವುಗಳ ಹ್ರಸ್ವದೀರ್ಘಗಳನ್ನು ಲಿಪಿಕಾರರು ಬೇರೆಬೇರೆಯಾಗಿ ಗುರುತಿಸುವುದಿಲ್ಲ. ಪಕಾರವೋ ವಕಾರವೋ ಎಂಬುದನ್ನು ಅರ್ಥವೇ ತೀರ್ಮಾನಿಸಬೇಕು, ಅರ್ಥವನ್ನು ಅಕ್ಷರವೇ ಕೊಡಬೇಕು. ಭೂತಗನ್ನಡಿ ಹಿಡಿದು ನಾಲ್ಕು ವರ್ಷ ಕುಳಿತ ಮೇಲೆ ಅವರಿಗೆ ಖಚಿತವಾದದ್ದಿಷ್ಟು: ಇದು ರತ್ನಾಕರವರ್ಣಿಯ ಭರತೇಶ ವೈಭವ. ಮೊದಲ ಗರಿಗಳಿಲ್ಲ, ನಡುವೆ ಕೆಲವು ಸಂಧಿಗಳು ಪೂರ್ತಿ ಮಾಯವಾಗಿವೆ, ಕೊನೆಯ ಗರಿ ಮಾತ್ರ ಅದೃಷ್ಟದಿಂದ ಉಳಿದಿದೆ.

ಭರತೇಶ ವೈಭವದ ಪ್ರತಿ ಸಿಕ್ಕಿತೆಂದರೆ ಸಂಶೋಧಕರು ಕುರ್ಚಿಯಿಂದ ಎದ್ದು ನಿಲ್ಲುವುದಿಲ್ಲ. ಎಂಬತ್ತು ಸಂಧಿಗಳ, ಸುಮಾರು ಹತ್ತು ಸಾವಿರ ಪದ್ಯಗಳ ಈ ಸಾಂಗತ್ಯ 16ನೆಯ ಶತಮಾನದಿಂದಲೂ ಜೈನರ ಮನೆಗಳಲ್ಲಿ ಹಾಡಿಕೆಯಾಗಿ ಹರಡಿದ ಕೃತಿ, ಪ್ರತಿಗಳು ಬೇಕಾದಷ್ಟಿವೆ. ಮನೆಯವರಿಗೂ ಸ್ವಲ್ಪ ನಿರಾಸೆಯೇ ಆಯಿತು. ಅಚ್ಚಾದ ಪುಸ್ತಕವನ್ನೇ ಇಷ್ಟು ತಲೆಮಾರು ಪೂಜಿಸಿದೆವೇ ಎಂದು ಮೇಷ್ಟ್ರ ತಮ್ಮ ಕೇಳಿದನಂತೆ. ಆದರೆ ಕೊನೆಯ ಗರಿಯ ಪುಷ್ಪಿಕೆಯಲ್ಲಿ ಒಂದು ಊರಿನ ಹೆಸರಿತ್ತು: ವೇಣುಪುರ. ಲಿಪಿಕಾರನ ಹೆಸರಿನ ಭಾಗವನ್ನು ಹುಳು ತಿಂದಿತ್ತು. ಸಂವತ್ಸರದ ಹೆಸರಿತ್ತು, ಶಕವರ್ಷವಿರಲಿಲ್ಲ. ಅರವತ್ತು ವರ್ಷಕ್ಕೊಮ್ಮೆ ಮರಳುವ ಸಂವತ್ಸರವನ್ನು ನಂಬಿ ಕಾಲ ನಿರ್ಣಯಿಸುವುದು ಸಾಧ್ಯವಿಲ್ಲ. ಊರಿನ ವಿಷಯದಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿರಲಿಲ್ಲ. ಬಿದಿರನ್ನು ಸಂಸ್ಕೃತ ಮಾಡಿದರೆ ವೇಣು. ವೇಣುಪುರವೆಂದರೆ, ವಂಶಪುರವೆಂದರೆ, ಮೂಡುಬಿದಿರೆಯೇ. ರತ್ನಾಕರನ ಊರೂ ಅದೇ. ಕವಿಯ ಊರಿನಲ್ಲಿಯೇ ಆದ ಪ್ರತಿಯಲ್ಲಿ ಅಚ್ಚಿನ ಪಾಠಕ್ಕಿಂತ ಭಿನ್ನವಾದ ಓದುಗಳು ಹತ್ತಾರು ಕಡೆ ಇದ್ದರೆ ಅವನ್ನು ಲಿಪಿಕಾರನ ಕೈತಪ್ಪೆಂದು ತಳ್ಳಿಹಾಕುವ ಮುನ್ನ ಯಾರಾದರೂ ಒಮ್ಮೆ ನೋಡಬೇಕು. ಶ್ರವಣಬೆಳಗೊಳ ಇದೇ ತಾಲ್ಲೂಕಿನಲ್ಲಿರುವಾಗ ಘಟ್ಟ ಇಳಿಯುವುದೇಕೆ ಎಂದು ಕೇಳಿದವರಿಗೆ ಮೇಷ್ಟ್ರು ಕೊಟ್ಟ ಉತ್ತರ ಇದೇ. ಜೋಡಿಸಿ ನೋಡಬೇಕಾದ ಪ್ರತಿಗಳು ಅಲ್ಲಿವೆ. ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ, 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠ ಪ್ರಕಟಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯನ್ನು ಕಂಡವರಿಗೆ ಆ ಒಂದು ಊರಿನ ಭಂಡಾರಗಳ ಆಳ ಗೊತ್ತು.

ತಾಯಿ ಒಪ್ಪಿದರು, ಒಂದು ಷರತ್ತಿನ ಮೇಲೆ. ಗಂಟು ಬಿಗಿದು ಮಗನ ಕೈಗಿಟ್ಟಾಗ ಅವರು ಹೇಳಿದ್ದು: "ಬರೋವಾಗ ತಗೊಂಡೇ ಬಾ."

ಕಟ್ಟನ್ನು ಎಲ್ಲಿಡಬೇಕೆಂಬುದೇ ಮೊದಲ ಸಮಸ್ಯೆಯಾಯಿತು. ಮೇಷ್ಟ್ರು ಅದನ್ನು ಡಿಕ್ಕಿಯಲ್ಲಿಡಲು ಹೋದಾಗ ಚಾಲಕ ತಡೆದ. "ಅಲ್ಲಿ ಬ್ಯಾಡಿ. ತಳದಿಂದ ಸೈಲೆನ್ಸರ್ ಬಿಸಿ ಬತ್ತದೆ. ಸ್ಟೆಪ್ನಿ ಪಕ್ಕ ಎಣ್ಣೆ ಜಿಡ್ಡೂ ಐತೆ." ಹಿಂದಿನ ಸೀಟಿನ ಮೇಲೆ ಕಂಬಳಿ ಮಡಿಸಿ ಹಾಸಿ, ಕಟ್ಟನ್ನು ಅದರ ಮೇಲೆ ಮಲಗಿಸಿ, ಸೀಟ್ ಬೆಲ್ಟನ್ನು ಸಡಿಲವಾಗಿ ಸುತ್ತಿದ. ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆಯುವ ಒಂದು ಸಾಂಪ್ರದಾಯಿಕ ಬೇಡಿಕೆಯುಂಟು. ಬೆನ್ನು ಸೊಂಟ ಮುರಿದು ಬರೆದ ಈ ಗ್ರಂಥವನ್ನು ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ, ಮೂಢನ ಕೈಗೆ ಕೊಡಬೇಡಿ ಎಂಬುದು ಅದರ ಸಾರ. ಹಳಗನ್ನಡ ಪದ್ಯದಲ್ಲಿ ನಪಾಸಾದವನು ಮೊದಲ ಬೇಡಿಕೆಯನ್ನು ಕಾರು ಹೊರಡುವ ಮುನ್ನವೇ ನಡೆಸಿಕೊಟ್ಟಿದ್ದ.

ಹೊಳೆನರಸೀಪುರದಲ್ಲಿ ಹೇಮಾವತಿಯನ್ನು ಕಂಡಾಗ ಇನ್ನೂ ಕತ್ತಲೆ. ಅರಕಲಗೂಡಿನಲ್ಲಿ ಬೆಳಕಾಯಿತು. ತೆಂಗು ಹಿಂದೆ ಸರಿದು ಹೊಗೆಸೊಪ್ಪು, ಶುಂಠಿ, ಜೋಳದ ಹೊಲಗಳು ಬಂದವು. ಕೊಡ್ಲಿಪೇಟೆಯಲ್ಲಿ ಕಾರು ಕೊಡಗಿಗೆ ಕಾಲಿಟ್ಟಿತು. ಶನಿವಾರಸಂತೆಯ ಆಚೆ ಮತ್ತೆ ಹಾಸನ ಜಿಲ್ಲೆಗೆ ಮರಳಿತು. ಜಿಲ್ಲೆಯ ಗಡಿಗಳು ಇಲ್ಲಿ ಲೆಕ್ಕಕ್ಕಿಲ್ಲ, ಲೆಕ್ಕಕ್ಕಿರುವುದು ಮಳೆ. ಪೂರ್ವದ ಬಯಲಿನಲ್ಲಿ ರಾಗಿ ಬೆಳೆಯುವವನು ಮಳೆಗಾಗಿ ಮುಗಿಲು ನೋಡಿದರೆ, ಇಲ್ಲಿಯವನು ಕಾಫಿ ಒಣಗಿಸಲು ಬಿಸಿಲಿಗಾಗಿ ಮುಗಿಲು ನೋಡುತ್ತಾನೆ. ವಣಗೂರು ದಾಟಿದ ಮೇಲೆ ಮನೆಗಳು ವಿರಳವಾದವು. ಕಣಿವೆಯ ತಳದ ಗದ್ದೆಗಳಲ್ಲಿ ಹಲವು ಬೀಳುಬಿದ್ದಿದ್ದವು. ಆನೆಗಳು ಇಳಿದು ತುಳಿಯುವ ಗದ್ದೆಗೆ ಯಾರು ನಾಟಿ ಹಾಕಿಯಾರು? ಕೂಡುರಸ್ತೆಯ ಚಹಾದಂಗಡಿಯಲ್ಲಿ ಚಾಲಕ ಚಹಾ ಕುಡಿಯುವುದಕ್ಕಿಂತ ಹೆಚ್ಚು ಹೊತ್ತು ವಿಚಾರಿಸಿದ್ದು ಆನೆಗಳ ಬಗ್ಗೆ: ರಾತ್ರಿ ಎಲ್ಲಿದ್ದವು, ಎಷ್ಟಿದ್ದವು, ಮರಿ ಇದೆಯೇ.

ಕಾರಿಗೆ ಮರಳಿದಾಗ ಮೇಷ್ಟ್ರಿಗೆ ನಗು ಬಂತು. ಹಿಂದಿನ ಸೀಟಿನಲ್ಲಿರುವ ಕಾವ್ಯಕ್ಕೂ ಆನೆಗೂ ಹಳೆಯ ವ್ಯಾಜ್ಯವಿದೆ ಎಂದರು. ದೇವಚಂದ್ರನ ರಾಜಾವಳಿಕಥೆ ಹೇಳುವ ಪ್ರಕಾರ, ತನ್ನ ಕೃತಿಯನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಿಸಬೇಕೆಂಬುದು ರತ್ನಾಕರನ ಆಸೆ. ಅದರಲ್ಲಿನ ಒಂದೆರಡು ಪದ್ಯಗಳು ಶಾಸ್ತ್ರಕ್ಕೆ ಒಪ್ಪುವುದಿಲ್ಲವೆಂದು ಗುರುಗಳು ತಡೆದರು. ಕವಿ ಮುನಿಸಿಕೊಂಡು ವೀರಶೈವನಾದ, ಕೊನೆಗೆ ಮತ್ತೆ ಮರಳಿ ಬಂದ. ರತ್ನಾಕರನ ನಂತರ ಸುಮಾರು ಮುನ್ನೂರು ವರ್ಷಗಳಿಗೆ, 19ನೆಯ ಶತಮಾನದಲ್ಲಿ ಬರೆದ ಕಥೆ ಅದು. ಚರಿತ್ರೆಯೆಂದು ಪೂರ್ತಿ ನಂಬಬೇಕಾಗಿಲ್ಲ. ಆದರೆ ಬರೆದದ್ದನ್ನು ಮೆರೆಸಬೇಕೆಂಬ ಕವಿಯ ಹಂಬಲ, ಮೆರೆಸುವ ಮುನ್ನ ತೂಗಿ ನೋಡಬೇಕೆಂಬ ಗುರುಪೀಠದ ಎಚ್ಚರ, ಇವೆರಡೂ ಸುಳ್ಳಲ್ಲ.

"ಆನೆ ಕೊಡ್ಲಿಲ್ಲ ಅಂತ ಜಾತೀನೇ ಬಿಟ್ನಾ?" ಎಂದ ಚಾಲಕ. ಸ್ವಲ್ಪ ದೂರ ಹೋದ ಮೇಲೆ, "ಇವತ್ತು ಎದುರಿಗೆ ಸಿಕ್ಕಿದ್ರೆ ಹತ್ತುಸ್ಬುಡಾನ ಬಿಡಿ" ಎಂದು ಸೇರಿಸಿದ. ಎದುರಿಗೆ ಸಿಕ್ಕಿದ್ದು ರಸ್ತೆಯ ನಡುವೆ ಬಿದ್ದಿದ್ದ ಹಸಿ ಲದ್ದಿ ಮಾತ್ರ. ಅದನ್ನು ಕಂಡವನು ಗಾಜಿಳಿಸಿ ಎರಡು ನಿಮಿಷ ಕಿವಿಗೊಟ್ಟು ಕುಳಿತ. ಬಿದಿರು ಮುರಿಯುವ ಸದ್ದು ಕೇಳದಿದ್ದ ಮೇಲೆಯೇ ಗಾಡಿ ಮುಂದೆ ಸಾಗಿತು.

ಬಿಸಿಲೆಗೆ ಮೊದಲು ಮಂಕನಹಳ್ಳಿಯ ಬಳಿ ಏಣೊಂದರ ಮೇಲೆ ಬ್ರಿಟಿಷರ ಕಾಲದ ಗುರುತುಗಲ್ಲೊಂದಿದೆ. ಒಂದು ಬದಿಗೆ ಬಂಗಾಳ ಕೊಲ್ಲಿ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ ಎಂದು ತೋರಿಸುವ ಕಲ್ಲು ಅದು. ಪೂರ್ವಕ್ಕೆ ಹರಿದ ನೀರು ಹೇಮಾವತಿಗೆ ಸೇರಿ, ಹೇಮಾವತಿ ಕಾವೇರಿಗೆ ಸೇರಿ, ತಮಿಳುನಾಡನ್ನು ದಾಟಿ ಕಡಲು ಮುಟ್ಟುತ್ತದೆ. ಪಶ್ಚಿಮಕ್ಕೆ ಹರಿದದ್ದು ಕುಮಾರಧಾರೆಗೆ ಬಿದ್ದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನಲ್ಲಿ ಮುಗಿಯುತ್ತದೆ. ಭೂಗೋಳದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಲ್ಲು ಬೇಕಿಲ್ಲ. ಆದರೆ ಸಾಹಿತ್ಯ ಚರಿತ್ರೆಯ ಪಾಠಕ್ಕೆ ಈ ಕಲ್ಲು ದಾರಿತಪ್ಪಿಸುತ್ತದೆ. ಏಕೆಂದರೆ ಗ್ರಂಥಗಳು ಈ ಏಣನ್ನು ಎರಡೂ ಕಡೆಯಿಂದ ದಾಟಿವೆ.

ಬಹುದೊಡ್ಡ ಉದಾಹರಣೆ ಎಲ್ಲರಿಗೂ ತಿಳಿದದ್ದೇ. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಲಾ ಟೀಕೆ, ಅದರ ಜೊತೆಯ ಜಯಧವಲಾ, ಮಹಾಧವಲಾ, ಇವುಗಳ ಹಳಗನ್ನಡ ಲಿಪಿಯ ತಾಡಪತ್ರ ಪ್ರತಿಗಳು ಉಳಿದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ. ಶತಮಾನಗಳ ಕಾಲ ಭಕ್ತರಿಗೆ ಅವುಗಳ ದರ್ಶನವಷ್ಟೇ ದೊರೆಯುತ್ತಿತ್ತು. 19ನೆಯ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಆರಂಭವಾಗಿ, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ ಸಂಪುಟಗಳು ಅಚ್ಚಾಗಿ ಹೊರಬಂದಾಗ ದಿಗಂಬರ ಆಗಮಸಾಹಿತ್ಯದ ಅಧ್ಯಯನದ ದಿಕ್ಕೇ ಬದಲಾಯಿತು. ಆ ಪ್ರತಿಗಳು ಮೂಲತಃ ಘಟ್ಟದ ಮೇಲಿನವು, ಬೆಳಗೊಳದ ಕಡೆಯಿಂದ ಬಂದವು ಎಂಬುದು ಪರಂಪರೆಯ ನಂಬಿಕೆ. ನಂಬುವುದಾದರೆ, ಅವನ್ನು ಹೊತ್ತು ತಂದವರು ಯಾರು? ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರತಿಯೊಂದು ಪಠ್ಯಪುಸ್ತಕವೂ ಹೇಳುತ್ತದೆ. ಬರೆಸಿದವಳ ಹೆಸರು ಉಳಿದಿದೆ, ಕವಿಯ ಹೆಸರು ಉಳಿದಿದೆ. ಸಾವಿರ ಕಟ್ಟುಗಳನ್ನು ಹೇರಿಕೊಂಡು ಊರೂರಿಗೆ ಮುಟ್ಟಿಸಿದ ಎತ್ತುಗಳಿದ್ದವು, ಎತ್ತುಗಳ ಹಿಂದೆ ಮನುಷ್ಯರಿದ್ದರು. ಶಾಸ್ತ್ರದಾನದ ವಿವರಗಳಲ್ಲಿ ಅವರಿಗೆ ಸಾಲಿಲ್ಲ. ಓಲೆಯೂ ತಾನಾಗಿ ಮೇಲೆ ಬಂದದ್ದಲ್ಲ. ಉತ್ತಮ ಬರಹಕ್ಕೆ ಬೇಕಾದ ಶ್ರೀತಾಳೆ ಕರಾವಳಿಯ ಮರ. ಜೀವಮಾನದಲ್ಲಿ ಒಮ್ಮೆ ಮಾತ್ರ ಹೂಬಿಟ್ಟು ಸಾಯುವ ಮರ. ರಾಗಿಯ ಸೀಮೆಯಲ್ಲಿ ಕುಳಿತು ಶ್ರೀತಾಳೆಯ ಮೇಲೆ ಬರೆದ ಲಿಪಿಕಾರನ ಮುಂದಿದ್ದ ಬರಿಗರಿಯೂ ಯಾವುದೋ ಘಾಟಿಯನ್ನು ಹತ್ತಿ ಬಂದಿರಬೇಕು.

ಈ ವಿಚಾರ ಮಾತಿಗೆ ಬಂದಾಗ ಚಾಲಕ ಹೇಳಿದ ಸಂಗತಿ ಪುಸ್ತಕದಲ್ಲಿ ಸಿಗುವಂಥದಲ್ಲ. ಅವನ ತಾತ ಹಳ್ಳಿಕಾರ್ ಹೋರಿಗಳನ್ನು ಹೊಡೆದುಕೊಂಡು ನಡೆದೇ ಈ ಕಣಿವೆ ಇಳಿಯುತ್ತಿದ್ದವನು. ಬಿಸಿಲೆ ಘಾಟಿಯ ಬುಡದಲ್ಲಿರುವ ಕುಲ್ಕುಂದ ಒಂದು ಕಾಲದಲ್ಲಿ ದನದ ಜಾತ್ರೆಗೆ ಹೆಸರಾದ ಊರು. ಘಟ್ಟದ ಮೇಲಿನ ಎತ್ತುಗಳಿಗೆ ಕೆಳಗಿನ ಗದ್ದೆಗಳಲ್ಲಿ ಬೇಡಿಕೆ. ಹೋಗುವಾಗ ಎತ್ತು, ಬರುವಾಗ ಉಪ್ಪು, ಒಣಮೀನು. "ನಿಮ್ಮನೆ ಶಾಸ್ತ್ರಾನೂ ಯಾವನೋ ಉಪ್ಪಿನ ಜೊತೆ ಹೇರ್ಕೊಂಡು ಬಂದಿರ್ತಾನೆ" ಎಂದ. ಮೇಷ್ಟ್ರು ತಕ್ಷಣ ಉತ್ತರಿಸಲಿಲ್ಲ. ಉಪ್ಪು ಮತ್ತು ಓಲೆಗರಿ ಒಂದೇ ಹೇರಿನಲ್ಲಿ ಇದ್ದಿರಲಾರವು, ಉಪ್ಪು ನೀರೆಳೆಯುತ್ತದೆ ಎಂದು ಆಕ್ಷೇಪಿಸಬಹುದಿತ್ತು. ಆದರೆ ವೇಣುಪುರದ ಒಂದು ಪ್ರತಿ ದಂಡಿಗನಹಳ್ಳಿಯ ಸೀಮೆಗೆ ಬಂದದ್ದು ಹೇಗೆಂಬ ಪ್ರಶ್ನೆಗೆ ಅವರು ನಾಲ್ಕು ವರ್ಷ ಮಠ, ಮದುವೆ, ವಲಸೆ ಎಂದು ಉತ್ತರ ಹುಡುಕಿದ್ದರೇ ಹೊರತು ದನದ ಜಾತ್ರೆಯನ್ನು ಯೋಚಿಸಿರಲಿಲ್ಲ.

ಬಿಸಿಲೆಯ ವೀಕ್ಷಣಾ ತಾಣದಲ್ಲಿ ಮಂಜು ಅರ್ಧ ಸರಿದು ಎದುರಿನ ಬೆಟ್ಟಗಳ ಸಾಲು ಕಂಡಿತು. 1712 ಮೀಟರ್ ಎತ್ತರದ ಕುಮಾರಪರ್ವತದ ತಲೆ ಕಾಣಲಿಲ್ಲ. ತಳದಲ್ಲೆಲ್ಲೋ ಹೊಳೆ ಹರಿಯುವ ಸದ್ದು ಮಾತ್ರ ಕೇಳಿಸುತ್ತಿತ್ತು. ಅಲ್ಲಿಂದ ಮುಂದೆ ಇಳಿಜಾರು. ಎರಡು ಗಾಡಿಗಳು ಎದುರಾದರೆ ಒಂದು ಹಿಂದೆ ಸರಿಯಬೇಕಾದ ಅಗಲ, ತಿರುವುಗಳಲ್ಲಿ ಪಾಚಿ, ಮರಗಳ ಮೇಲ್ಚಾವಣಿಯಿಂದಾಗಿ ಮಧ್ಯಾಹ್ನದ ಮುನ್ನವೇ ಸಂಜೆಯ ಬೆಳಕು. ಚಾಲಕ ಮಾತು ನಿಲ್ಲಿಸಿದ. ಪ್ರತಿ ತಿರುವಿಗೂ ಒಮ್ಮೆ ಹಾರನ್. ಬ್ರೇಕನ್ನು ಮುಟ್ಟಿ ಬಿಡುವುದು. ಎರಡನೆಯ ಗೇರಿನಲ್ಲೇ ಇಂಜಿನ್ನಿನ ಹಿಡಿತದಲ್ಲಿ ಗಾಡಿಯನ್ನು ಇಳಿಸುವುದು. ಬ್ರೇಕನ್ನೇ ನಂಬಿದವನ ಬ್ರೇಕು ಕಾದು ಸುಬ್ರಹ್ಮಣ್ಯ ತಲುಪುವ ಮೊದಲೇ ಕೈಬಿಡುತ್ತದೆ ಎಂದು ಆಮೇಲೆ ವಿವರಿಸಿದ. ಲಿಪಿಕಾರನ ಕಂಠವೂ ಹಾಗೆಯೇ ಎಂದು ಮೇಷ್ಟ್ರಿಗೆ ಅನಿಸಿತು. ಒತ್ತಿದರೆ ಗರಿ ಸೀಳುತ್ತದೆ, ಒತ್ತದಿದ್ದರೆ ಅಕ್ಷರ ಮೂಡುವುದಿಲ್ಲ.

ಅರ್ಧ ದಾರಿಯಲ್ಲಿ ಮಳೆ ಬಂತು. ಕಾರ್ತಿಕದ ಮಳೆ, ಹತ್ತು ನಿಮಿಷದ್ದು. ಆದರೆ ಅಷ್ಟರಲ್ಲಿ ಮುಂದೆ ಒಂದು ಮರದ ಕೊಂಬೆ ರಸ್ತೆಗೆ ಅಡ್ಡವಾಗಿ ಬಿತ್ತು. ಚಾಲಕ ಇಳಿದು, ಡಿಕ್ಕಿಯಿಂದ ಮಚ್ಚು ತೆಗೆದು, ನೆನೆಯುತ್ತ ಕೊಂಬೆಯನ್ನು ತುಂಡರಿಸಿ ಪಕ್ಕಕ್ಕೆ ಎಳೆದು ಹಾಕಿದ. ತೊಯ್ದ ಬಟ್ಟೆಯಲ್ಲೇ ಬಂದವನು ಮೊದಲು ಮಾಡಿದ್ದು ಹಿಂದಿನ ಬಾಗಿಲಿನ ರಬ್ಬರಿಗೆ ಒಳಗಿನಿಂದ ಬೆರಳಾಡಿಸಿ ನೀರು ಜಿನುಗುತ್ತಿದೆಯೇ ಎಂದು ನೋಡಿದ್ದು. ಗಂಟು ಸ್ವಲ್ಪ ಸಡಿಲಾದಂತೆ ಕಂಡಿತು. "ನನ್ನ ಕೈ ಒದ್ದೆ ಐತೆ. ನೀವೇ ಬಿಗೀರಿ ಮೇಷ್ಟ್ರೇ" ಎಂದ.

ಹೋಬಳಿಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡದ ಬೇಸಿಗೆ ಇರುವುದಿಲ್ಲ. ಪಾತ್ರಕ್ಕೆ ಇಷ್ಟೆಂದು ಹಣ ಕಟ್ಟಿ, ಹಾರ್ಮೋನಿಯಂ ಮೇಷ್ಟ್ರ ಬಳಿ ತಿಂಗಳುಗಟ್ಟಲೆ ಕಂದಪದ್ಯ ಕಲಿತು ರಂಗಕ್ಕೇರುವ ರೈತರು, ಕಂಡಕ್ಟರರು, ಚಾಲಕರು ಅಲ್ಲಿದ್ದಾರೆ. ಈತ ಎರಡು ಬಾರಿ ಕರ್ಣನಾಗಿದ್ದವನು. ಮಳೆ ನಿಂತ ಮೇಲೆ ಮಾತು ಅತ್ತ ಹೊರಳಿತು. ಕುಮಾರವ್ಯಾಸನಲ್ಲಿ ಕರ್ಣ ತೊಟ್ಟ ಬಾಣವನ್ನು ಮರಳಿ ತೊಡಲಾರೆನೆಂದಾಗ ಶಲ್ಯ ಸಿಟ್ಟಾಗಿ ರಥವಿಳಿದು ಹೋಗುವ ಸಂದರ್ಭವನ್ನು ಮೇಷ್ಟ್ರು ನೆನಪಿಸಿದರು. ವಿಮರ್ಶಕರು ಅದನ್ನು ಕರ್ಣನ ಸತ್ಯನಿಷ್ಠೆಯ ಪ್ರಸಂಗವಾಗಿ ಓದುತ್ತಾರೆ. ಚಾಲಕನ ಓದು ಬೇರೆ. "ಬಾಡಿಗೆಗೆ ಬಂದ ಮೇಲೆ ಮಾತು ಕೇಳ್ಳಿ ಬಿಡ್ಲಿ, ಊರು ಮುಟ್ಟಿಸ್ಬೇಕು. ನಡುದಾರೀಲಿ ಇಳ್ದು ಹೋಗೋನು ಎಂಥ ಡ್ರೈವರು? ರಾಜ ಆಗಿದ್ದೋನ ಕೈಗೆ ಗಾಡಿ ಕೊಟ್ರೆ ಇಷ್ಟೇಯ." ಮದ್ರದೇಶದ ಅರಸ ಶಲ್ಯನಿಗೆ ಸಾರಥ್ಯವೇ ಅವಮಾನವಾಗಿತ್ತು, ಕರ್ಣನಿಗೆ ಸೂತಪುತ್ರನೆಂಬ ಹೆಸರೇ ಅವಮಾನವಾಗಿತ್ತು, ರಥದ ಮೇಲಿದ್ದ ಇಬ್ಬರಿಗೂ ಸಾರಥಿಯ ಕೆಲಸ ಕೀಳೆನಿಸಿದ್ದಾಗ ಗಾಲಿ ಹೂತದ್ದರಲ್ಲಿ ಆಶ್ಚರ್ಯವಿಲ್ಲ. ಈ ದಿಕ್ಕಿನಿಂದ ಕರ್ಣಪರ್ವವನ್ನು ನೋಡಿದ ಪ್ರಬಂಧ ಬಂದಿದೆಯೇ ಎಂದು ವಿದ್ಯಾರ್ಥಿಗಳು ಹುಡುಕಬಹುದು.

ಕುಲ್ಕುಂದ ಬಂದಾಗ ಸೆಕೆ. ಅಡಿಕೆ ತೋಟ, ಹಂಚಿನ ಮನೆ, ಅಂಗಡಿಯ ಜಗುಲಿಯಲ್ಲಿ ತುಳು. ಊಟದ ಹೊತ್ತಿನಲ್ಲಿ ಚಾಲಕ ಹೇಳಿದ, ಘಟ್ಟ ಇಳಿದಾಗಲೆಲ್ಲ ಮನೆಗೆ ಒಣಮೀನು ಒಯ್ಯುವುದು ತನ್ನ ವಾಡಿಕೆ, ಹೆಂಡತಿ ಫೋನಿನಲ್ಲಿ ನೆನಪಿಸಿದ್ದಳು, ಆದರೆ ಈ ಸಲ ಬೇಡವೆಂದುಬಿಟ್ಟೆ. ಏಕೆಂದು ಅವನು ಹೇಳಲಿಲ್ಲ, ಮೇಷ್ಟ್ರು ಕೇಳಲಿಲ್ಲ.

ಅಲ್ಲಿಂದಾಚೆಯ ದಾರಿ ಸುಲಭದ್ದು, ಹೇಳುವಂಥದು ಹೆಚ್ಚಿಲ್ಲ. ಧರ್ಮಸ್ಥಳ, ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ. ಫಲ್ಗುಣಿಯ ದಂಡೆಯ ವೇಣೂರಿನಲ್ಲಿ, 1604ರಲ್ಲಿ ತಿಮ್ಮರಾಜ ಅಜಿಲ ನಿಲ್ಲಿಸಿದ ಬಾಹುಬಲಿಯ ತಲೆ ಕಂಡಾಗ ಚಾಲಕ ಗಾಡಿ ನಿಧಾನಿಸಿ, "ವೇಣುಪುರ ಅಂದ್ರೆ ಇದೇ ಅಲ್ವಾ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಸ್ಥಳನಾಮಗಳ ವಿಷಯದಲ್ಲಿ ಶಬ್ದಸಾಮ್ಯವನ್ನು ಹಿಡಿದು ಓಡುವವರು ಇಲ್ಲಿಯೇ ಇಳಿದುಬಿಡುತ್ತಾರೆ. ಗಾಡಿ ಮುಂದೆ ಹೋಯಿತು.

ಮಧ್ಯಾಹ್ನ ಮೂರೂವರೆಗೆ ಮೂಡುಬಿದಿರೆಯ ಗ್ರಂಥಭಂಡಾರವೊಂದರ ಮೇಜಿನ ಮೇಲೆ ಕಟ್ಟು ಬಿಚ್ಚಿಕೊಂಡಿತು. ಅಲ್ಲಿಯ ಸಿಬ್ಬಂದಿ ಗರಿಗಳನ್ನು ಬೆಳಕಿಗೆ ಹಿಡಿದು ನೋಡಿದರು. ಅಂಚುಗಳು ಮುರಿಯುವ ಹಂತದಲ್ಲಿವೆ, ಎರಡು ಕಡೆ ಹುಳು ಇನ್ನೂ ಜೀವಂತವಿದೆ ಎಂದರು. ಒಂದೊಂದನ್ನೂ ಶುಚಿಮಾಡಿ, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಮಸಿ ತುಂಬಿ, ಛಾಯಾಚಿತ್ರ ತೆಗೆದು, ಇಲ್ಲಿನ ಪ್ರತಿಗಳೊಂದಿಗೆ ಹೋಲಿಸುವುದು ಒಂದು ದಿನದ ಕೆಲಸವಲ್ಲ, ತಿಂಗಳುಗಳು ಬೇಕು. ಬಿಟ್ಟು ಹೋಗುವುದಾದರೆ ಮಾಡುತ್ತೇವೆ. ಒಯ್ಯುವುದಾದರೆ ಈ ಸ್ಥಿತಿಯಲ್ಲಿ ಮತ್ತೊಂದು ಘಾಟಿಯ ಪ್ರಯಾಣ ಒಳ್ಳೆಯದಲ್ಲ.

ಮೇಷ್ಟ್ರು ಬಹಳ ಹೊತ್ತು ಸುಮ್ಮನೆ ಕುಳಿತರು. ಒಂದು ಕಡೆ, ಓದದೆ ಪೂಜಿಸಿದ ತಲೆಮಾರುಗಳೇ ಈ ಗ್ರಂಥವನ್ನು ಉಳಿಸಿದ್ದವು. ಆ ಪೂಜೆಯ ಕೊನೆಯ ಕೊಂಡಿಯಾದ ಮುದುಕಿ ಮನೆಯಲ್ಲಿ ಕಾಯುತ್ತಿದ್ದರು. ಬರುವ ಶ್ರುತಪಂಚಮಿಗೆ ಕಟ್ಟು ಮನೆಯಲ್ಲಿರುತ್ತದೆಂದು ಯಾರೂ ಭರವಸೆ ಕೊಡಲಾರರು, ಅವರು ಇರುತ್ತಾರೆಂದೂ ಯಾರೂ ಹೇಳಲಾರರು. ಇನ್ನೊಂದು ಕಡೆ ಹುಳು. ಸಂರಕ್ಷಣೆಯ ಕಮ್ಮಟಗಳಲ್ಲಿ ಉಪನ್ಯಾಸ ಮಾಡುವವರು ಮನೆಮನೆಗಳಲ್ಲಿರುವ ಹಸ್ತಪ್ರತಿಗಳನ್ನು ಭಂಡಾರಕ್ಕೊಪ್ಪಿಸಬೇಕೆಂದು ಸುಲಭವಾಗಿ ಹೇಳುತ್ತಾರೆ. ಒಪ್ಪಿಸುವವನ ಮನೆಯಲ್ಲಿ ಆ ಸಂಜೆ ಏನು ನಡೆಯುತ್ತದೆಂಬುದು ಅವರ ಉಪನ್ಯಾಸದಲ್ಲಿ ಇರುವುದಿಲ್ಲ.

ಬಾಗಿಲ ಬಳಿ ನಿಂತಿದ್ದ ಚಾಲಕನನ್ನು ಮೇಷ್ಟ್ರು ಕೇಳಿದರು: "ಏನ್ಮಾಡ್ಲಿ, ಹೇಳಪ್ಪ."

"ರಿಪೇರಿ ಇರೋ ಗಾಡೀನ ವರ್ಕ್‌ಶಾಪಲ್ಲಿ ಬಿಟ್ಟು ಬರಾಕಿಲ್ವಾ? ಬಿಡಿ. ಆದ್ರೆ ಚೀಟಿ ಇಸ್ಕೊಳ್ಳಿ. ಗರಿ ಎಷ್ಟು ಅಂತ ಬರೆಸಿ."

ಗರಿಗಳನ್ನು ಎಣಿಸಲಾಯಿತು. ಸಿಬ್ಬಂದಿ ಒಮ್ಮೆ ಎಣಿಸಿದರು. ಚಾಲಕ ತಾನೂ ಎಣಿಸುತ್ತೇನೆಂದು ಕೈ ತೊಳೆದು, ಒರೆಸಿಕೊಂಡು ಬಂದ. ಮುಟ್ಟದೆ, ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ಎಣಿಸಿದ. ಕಣದಲ್ಲಿ ರಾಗಿ ಅಳೆಯುವವರ ಕ್ರಮದಲ್ಲಿ, ಒಂದು ಎನ್ನದೆ, ಲಾಭ ಎಂದು ಶುರುಮಾಡಿದ. ಸಿಬ್ಬಂದಿಗೆ ನಗು ಬಂತು. ಲೆಕ್ಕ ಎರಡೂ ಸಲ ಒಂದೇ ಬಂತು. ಭಂಡಾರದವರು ಗರಿಗಳನ್ನು ತಮ್ಮ ಬಿಳಿ ಅರಿವೆಯಲ್ಲಿ ಸುತ್ತಿ, ಕೆಂಪು ಬಟ್ಟೆಯನ್ನೂ ದಾರವನ್ನೂ ಮೇಷ್ಟ್ರಿಗೆ ಹಿಂತಿರುಗಿಸಿದರು.

ಸೂರ್ಯ ಮುಳುಗುವ ಮೊದಲು ಮೇಷ್ಟ್ರ ಊಟವಾಗಬೇಕೆಂಬುದು ಚಾಲಕನಿಗೆ ಗೊತ್ತಿತ್ತು. ಮಹಾಮಸ್ತಕಾಭಿಷೇಕದ ಬಾಡಿಗೆಗಳಲ್ಲಿ ಕಲಿತದ್ದು. ಐದೂಕಾಲಕ್ಕೆಲ್ಲ ಊಟದ ಜಾಗ ಹುಡುಕಿದ್ದ. ಆ ರಾತ್ರಿ ಅಲ್ಲೇ ತಂಗಿ, ಮರುದಿನ ಮುಂಜಾನೆ ಅದೇ ದಾರಿಯಲ್ಲಿ ಹಿಂತಿರುಗಿದರು. ಹಿಂದಿನ ಸೀಟು ಖಾಲಿ. ಮಡಿಸಿದ ಕೆಂಪು ಬಟ್ಟೆ ಮೇಷ್ಟ್ರ ತೊಡೆಯ ಮೇಲಿತ್ತು. ಘಾಟಿ ಹತ್ತುವಾಗ ಅವರು ತಾಯಿಗೆ ಹೇಳಬೇಕಾದ ಮಾತುಗಳನ್ನು ಒಂದೆರಡು ಬಗೆಯಲ್ಲಿ ಗಟ್ಟಿಯಾಗಿಯೇ ಹೇಳಿ ನೋಡಿದರು. ಚಾಲಕ ತಿರುವು ಮುಗಿಸಿ ಹೇಳಿದ: "ಮೊದ್ಲು ಬಟ್ಟೆ ಕೈಗೆ ಕೊಡಿ. ಚೀಟಿ ಓದಿ ಹೇಳಿ. ಮಾತು ಆಮೇಲೆ."

ಕೂಡುರಸ್ತೆ ದಾಟಿದ ಮೇಲೆ ಫೋನಿಗೆ ಸಿಗ್ನಲ್ ಬಂತು. ಮನೆಯಿಂದ ಮೂರು ಕರೆಗಳು ಬಂದು ಹೋಗಿದ್ದವು.